ಟೀಚರಮ್ಮನ ಕೇಳುಗೋಲು

ಬೆಳಗಿನ ಆರು ಗಂಟೆಗೆ ಕೋಳಿಗೂಡಿನ ಬಾಗಿಲ ಮೇಲಿದ್ದ ಪುಟ್ಟ ದೀಪ ಹಸಿರಿನಿಂದ ಹಳದಿಗೆ ತಿರುಗಿತು. ಅದರ ಕೆಳಗಿನ ಪಟ್ಟಿಯಲ್ಲಿ ಒಂದು ಸಾಲು ಮೂಡಿತು: ‘ಮೂರನೆಯ ಕೋಳಿ. ಕಾಳುಚೀಲ ಖಾಲಿಯಾಗಿಲ್ಲ.’

ಪುಟ್ಟಮಾದಮ್ಮ ಅದನ್ನು ಓದಿ ನಂಬಲಿಲ್ಲ. ಮೂರನೆಯ ಕೋಳಿ ಎಂದರೆ ಟೀಚರಮ್ಮ. ಕತ್ತು ನೀಳವಾಗಿ ಎತ್ತಿ, ಮಿಕ್ಕ ನಾಲ್ಕು ಕೋಳಿಗಳ ನಡುವೆ ತಪಾಸಣೆ ಮಾಡುವವಳಂತೆ ಓಡಾಡುತ್ತಿದ್ದುದರಿಂದ ಆ ಹೆಸರು. ಗೂಡಿನ ಬಾಗಿಲು ತೆಗೆದದ್ದೇ ತಡ, ಅವಳು ಎಂದಿನಂತೆ ಎಲ್ಲರಿಗಿಂತ ಮೊದಲು ಹೊರಬಂದು ರಾಗಿ ಹೆಕ್ಕತೊಡಗಿದಳು.

2064ರ ಹೊತ್ತಿಗೆ ಕೊಳ್ಳೇಗಾಲದ ಹೊಸ ಬಡಾವಣೆಗಳಲ್ಲಿ ಹಿತ್ತಿಲ ಕೋಳಿ ಸಾಮಾನ್ಯವಾಗಿತ್ತು. ಅಡುಗೆಮನೆಯ ಕಸವನ್ನು ಮನೆಯಲ್ಲೇ ಮುಗಿಸಬೇಕೆಂದು ಪುರಸಭೆ ನಿಯಮ ಮಾಡಿದ ಮೇಲೆ ಜನ ಕೋಳಿ ಸಾಕಲು ಕಲಿತಿದ್ದರು. ಸಾಕಲು ಕಲಿತರೇ ಹೊರತು ಕಾಯಿಲೆ ಗುರುತಿಸಲು ಕಲಿತಿರಲಿಲ್ಲ. ಚೆನ್ನಾಗಿದ್ದ ಕೋಳಿ ಮಾರನೆಯ ದಿನ ಬೆಳಿಗ್ಗೆ ಸತ್ತು ಬಿದ್ದಿರುತ್ತಿತ್ತು. ಅದಕ್ಕಾಗಿಯೇ ಮೈಸೂರಿನ ವಿಜ್ಞಾನಿ ಡಾ. ತೇಜಾವತಿ ಈ ‘ಕೇಳುಗೋಲು’ ಮಾಡಿದ್ದರು. ನೋಡಲು ಅದು ಕೋಳಿ ಕೂರುವ ಅಡ್ಡಗೋಲು, ಅಷ್ಟೆ. ಅದರ ಹೊಟ್ಟೆಯೊಳಗೆ ಒಂದು ತೆಳುಹಾಳೆ ಸುತ್ತಿತ್ತು. ಇರುವೆ ನಡೆದಷ್ಟು ಅದುರಿದರೂ ಅದರಲ್ಲಿ ವಿದ್ಯುತ್ತು ಹುಟ್ಟುತ್ತಿತ್ತು. ಕೋಳಿಯ ಎದೆಬಡಿತ, ಉಸಿರು, ತಿಂದ ಕಾಳು ಕತ್ತಿನ ಬುಡದ ಚೀಲದಿಂದ ಹೊಟ್ಟೆಗೆ ಇಳಿಯುವ ಸದ್ದು, ಎಲ್ಲವೂ ಅದರ ಕಾಲಿನ ಮೂಲಕ ಕೋಲಿಗೆ ಕೇಳಿಸುತ್ತಿತ್ತು; ಏರುಪೇರಾದರೆ ಬಾಗಿಲ ದೀಪ ಹಳದಿಯಾಗುತ್ತಿತ್ತು. ಪುಟ್ಟಮಾದಮ್ಮನ ಮನೆಯೂ ಸೇರಿ ನಲವತ್ತು ಮನೆಗಳಲ್ಲಿ ಅದರ ಪರೀಕ್ಷೆ ನಡೆಯುತ್ತಿತ್ತು.

ಸುದ್ದಿ ಮುಟ್ಟಿದ ತೇಜಾವತಿ ಒಂಬತ್ತರ ಬಸ್ಸಿಗೆ ಬಂದಿಳಿದರು. ಟೀಚರಮ್ಮನನ್ನು ತೋಳಿನ ಸಂದಿಯಲ್ಲಿ ಹಿಡಿದು ಕತ್ತಿನ ಬುಡ ಮುಟ್ಟಿದವರು, ಪುಟ್ಟಮಾದಮ್ಮನ ಬೆರಳನ್ನೂ ಅಲ್ಲಿಗೆ ತಂದರು. ಅಲ್ಲಿ ನಿಂಬೆಹಣ್ಣಿನಷ್ಟು ಗಟ್ಟಿ ಉಂಡೆಯೊಂದು ಕೈಗೆ ಸಿಕ್ಕಿತು. ಆರೋಗ್ಯದ ಕೋಳಿಯ ಕಾಳುಚೀಲ ಬೆಳಿಗ್ಗೆ ಬರಿದಾಗಿ ಚಪ್ಪಟೆಯಾಗಿರಬೇಕು. ನಾರಿನಂಥದ್ದೇನೋ ಸಿಕ್ಕಿಕೊಂಡು ದಾರಿ ಕಟ್ಟಿದೆ, ಹೀಗೇ ಬಿಟ್ಟರೆ ವಾರದಲ್ಲಿ ಹೋಗಿಬಿಡುತ್ತಾಳೆ ಎಂದರು.

“ಈಗಿನ್ನೂ ರಾಗಿ ತಿಂದ್ಲಲ್ಲ ಡಾಕ್ಟ್ರವ್ವ” ಎಂದಳು ಪುಟ್ಟಮಾದಮ್ಮ.

ಹಿಂದೆ ನಿಂತಿದ್ದ ಅವಳ ಗಂಡ ರಾಚಯ್ಯ ಬಗ್ಗಿ ನೆಲ ನೋಡಿದ. ಟೀಚರಮ್ಮ ಕುಕ್ಕಿದ್ದ ಜಾಗದಲ್ಲಿ ರಾಗಿ ಹಾಗೇ ಬಿದ್ದಿತ್ತು. ಅವಳು ಕೊಕ್ಕಿನಲ್ಲಿ ಎತ್ತಿ ಅಲ್ಲೇ ಉದುರಿಸಿದ್ದಳು.

ಸೊರಗಿದ್ದು ಗೊತ್ತಾದರೆ ಜೊತೆಯ ಕೋಳಿಗಳೇ ಕುಕ್ಕುತ್ತವೆ, ಹದ್ದು ಅಂಥದ್ದನ್ನೇ ಆರಿಸುತ್ತದೆ, ಹಾಗಾಗಿ ಕೋಳಿ ಕೊನೆಯವರೆಗೂ ನೋವು ಬಚ್ಚಿಡುತ್ತದೆ ಎಂದು ತೇಜಾವತಿ ವಿವರಿಸಿದರು. ಪುಟ್ಟಮಾದಮ್ಮನಿಗೆ ಕಾಯಿಲೆಗಿಂತ ಇದರಿಂದಲೇ ಹೆಚ್ಚು ನೋವಾಯಿತು. ಮರಿಯಾಗಿದ್ದಾಗಿನಿಂದ ಅಂಗೈಯಲ್ಲಿ ನುಚ್ಚು ತಿನ್ನಿಸಿದ್ದಳು.

“ನನ್ನಿಂದಲೂ ಬಚ್ಚಿಟ್ಲಾ?”

ತೇಜಾವತಿ ಮಾಡಬೇಕಾದ್ದನ್ನು ಹೇಳಿದರು. ಬೇರೆ ಬುಟ್ಟಿಯಲ್ಲಿಡುವುದು, ಕಾಳು ನಿಲ್ಲಿಸಿ ನೀರಷ್ಟೇ ಇಡುವುದು, ಕೊಕ್ಕಿನ ಅಂಚಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ, ದಿನಕ್ಕೆ ಐದು ಸಲ ಬೆರಳ ತುದಿಯಿಂದ ಆ ಉಂಡೆಯನ್ನು ನಯವಾಗಿ ತೀಡುವುದು. ತಲೆಕೆಳಗಾಗಿ ಹಿಡಿದು ಕಕ್ಕಿಸಲು ಮಾತ್ರ ಹೋಗಬಾರದು, ಉಸಿರು ಕಟ್ಟುತ್ತದೆ. ನಾಲ್ಕನೆಯ ದಿನಕ್ಕೂ ಕರಗದಿದ್ದರೆ ಚೀಲ ಕೊಯ್ದು ತೆಗೆಯಬೇಕಾಗುತ್ತದೆ; ಈ ವಯಸ್ಸಿನ ಕೋಳಿ ಅದನ್ನು ತಾಳುವುದು ಖಾತ್ರಿಯಿಲ್ಲ.

ಪುಟ್ಟಮಾದಮ್ಮ ಮೂವತ್ತು ವರ್ಷ ಬಸ್ಸು ಓಡಿಸಿ ನಿವೃತ್ತಳಾದವಳು. ಸುಮ್ಮನೆ ಒಂದೆಡೆ ಕೂತು ಅಭ್ಯಾಸವಿರಲಿಲ್ಲ. ಈಗ ಹಿತ್ತಿಲ ಮೆಟ್ಟಿಲ ಮೇಲೆ ಕೂತು, ಟೀಚರಮ್ಮನನ್ನು ಬುಟ್ಟಿಯ ಸಮೇತ ತೊಡೆಯ ಮೇಲಿಟ್ಟುಕೊಂಡು, ಬೆರಳಾಡಿಸುತ್ತ ತನ್ನ ಹಳೆಯ ಮಾರ್ಗದ ನಿಲ್ದಾಣಗಳನ್ನು ಒಂದೊಂದಾಗಿ ಹೇಳತೊಡಗಿದಳು. ಸತ್ತೇಗಾಲ, ಬೆಳಕವಾಡಿ, ಮಳವಳ್ಳಿ, ಹಲಗೂರು, ಸಾತನೂರು. ಕನಕಪುರ ಮುಟ್ಟುವಷ್ಟರಲ್ಲಿ ಒಂದು ಸಲದ ತೀಡುವಿಕೆ ಮುಗಿಯುತ್ತಿತ್ತು. ಹೊಲಿಗೆ ಅಂಗಡಿಯಿಂದ ಊಟಕ್ಕೆ ಬಂದ ರಾಚಯ್ಯ, “ಅಮ್ಮೀ, ಗಾಡಿ ಎಲ್ಲಿಗ್ಬಂತು?” ಎಂದು ಕೇಳಿ ತಾನೂ ಪಕ್ಕದಲ್ಲಿ ಕೂರುತ್ತಿದ್ದ.

ಎರಡು ದಿನ ಉಂಡೆ ಕದಲಲಿಲ್ಲ. ಮೂರನೆಯ ಸಂಜೆ ಮತ್ತೆ ಬಂದ ತೇಜಾವತಿ, ಬುಟ್ಟಿಗೆ ಅಡ್ಡವಾಗಿ ಇಟ್ಟಿದ್ದ ಕೇಳುಗೋಲಿನ ದಾಖಲೆಯನ್ನು ಕಿವಿಗೆ ಹಚ್ಚಿಕೊಂಡು ಬಹಳ ಹೊತ್ತು ಕೂತರು. ಅದರಲ್ಲಿ ಸಣ್ಣ ನರಳಿಕೆಯೊಂದಿತ್ತು. ಕೋಲಿಲ್ಲದೆ ಮನುಷ್ಯರ ಕಿವಿಗೆ ಸಿಗದಷ್ಟು ತಗ್ಗಿದ ದನಿ. ಅವರು ಅದುವರೆಗೆ ಕೇಳಿದ್ದ ದಾಖಲೆಗಳಲ್ಲಿ ಅದು ಸಿಕ್ಕಿದ್ದು ಸುತ್ತ ಯಾರೂ ಇಲ್ಲದಾಗ ಮಾತ್ರ. ಹೆಜ್ಜೆ ಸಪ್ಪಳವಾದರೆ ಕೋಳಿ ಆ ದನಿ ನಿಲ್ಲಿಸಿಬಿಡುತ್ತಿತ್ತು. ಇಲ್ಲಿ ಆ ನರಳಿಕೆಯ ಹಿಂದೆಯೇ ಮಳವಳ್ಳಿ, ಹಲಗೂರು ಎಂಬ ಹೆಂಗಸಿನ ದನಿಯೂ ಇತ್ತು.

“ಈಗ ನಿಮ್ಮಿಂದ ಬಚ್ಚಿಡ್ತಿಲ್ಲ ಇವಳು” ಎಂದರು ತೇಜಾವತಿ.

ಪುಟ್ಟಮಾದಮ್ಮನ ಬೆರಳು ಇನ್ನಷ್ಟು ಹಗುರಾಗಿ ಆಡಿತು.

ನಾಲ್ಕನೆಯ ಬೆಳಿಗ್ಗೆ ದೀಪ ಹಸಿರಾಗಿತ್ತು. ಬುಟ್ಟಿಯ ತಳದಲ್ಲಿ ಹಿಕ್ಕೆಯ ಜೊತೆ ತೆಂಗಿನ ನಾರಿನ ಎಳೆಗಳು ಬಿದ್ದಿದ್ದವು. ರಾಚಯ್ಯ ಹಿತ್ತಿಲ ಬಾಗಿಲ ಕಾಲೊರಸನ್ನು ತಂದು ನೋಡಿದರೆ ಅದರ ಒಂದು ಮೂಲೆಯೇ ಇರಲಿಲ್ಲ. ಗಂಡ ಹೆಂಡತಿ ಇಬ್ಬರೂ ನಕ್ಕ ನಗುವಿಗೆ ಪಕ್ಕದ ಮನೆಯವರು ಕಾಂಪೌಂಡಿನ ಮೇಲಿಂದ ಇಣುಕಿದರು. ಟೀಚರಮ್ಮ ಬುಟ್ಟಿಯಿಂದ ಇಳಿದು, ಮೊಸರಲ್ಲಿ ಕಲಸಿದ ಮೆತ್ತನೆಯ ಅನ್ನವನ್ನು ತಿಂದು ನುಂಗಿದಳು. ನುಂಗಿದ್ದನ್ನು ರಾಚಯ್ಯ ಬಗ್ಗಿ ಖಾತ್ರಿ ಮಾಡಿಕೊಂಡ. ಆ ದಿನ ಪುಟ್ಟಮಾದಮ್ಮ ಶಾವಿಗೆ ಪಾಯಸ ಮಾಡಿ ಬೀದಿಯ ಏಳೂ ಮನೆಗೆ ಹಂಚಿದಳು.

ತೇಜಾವತಿ ಮೈಸೂರಿಗೆ ಹೋಗಿ ನಲವತ್ತು ಮನೆಗಳ ದಾಖಲೆಯನ್ನು ಮತ್ತೆ ತೆಗೆದರು. ದಿನಕ್ಕೆ ಸ್ವಲ್ಪ ಹೊತ್ತಾದರೂ ಯಾರಾದರೂ ಕೋಳಿಗಳ ನಡುವೆ ಸುಮ್ಮನೆ ಕೂರುತ್ತಿದ್ದ ಮನೆಗಳು ಆರು. ಆ ಆರರಲ್ಲೂ ಕೋಲಿನ ದೀಪ ಹಳದಿಯಾಗುವ ಮುನ್ನವೇ ಮನೆಯವರಿಗೆ ಕಾಯಿಲೆ ಗೊತ್ತಾಗಿತ್ತು. ಕೋಳಿ ಅವರೆದುರು ಮರೆಮಾಚುತ್ತಿರಲಿಲ್ಲ.

ಮರುವರ್ಷ ಕೇಳುಗೋಲು ರಾಜ್ಯದ ತುಂಬ ಹರಡಿತು. ಅದರೊಂದಿಗೆ ಬರುವ ಪುಸ್ತಿಕೆಯ ಮೊದಲ ಪುಟದಲ್ಲಿ ಕೋಲಿನ ಮಾತೇ ಇರಲಿಲ್ಲ. ‘ದಿನಾ ಸಂಜೆ ಕಾಲು ಗಂಟೆ ನಿಮ್ಮ ಕೋಳಿಗಳ ಜೊತೆ ಬರಿಗೈಯಲ್ಲಿ ಕುಳಿತುಕೊಳ್ಳಿ’ ಎಂದು ಬರೆದಿತ್ತು. ತಯಾರಕರು ಬೇಡವೆಂದರೂ ತೇಜಾವತಿ ಆ ಪುಟವನ್ನು ತೆಗೆಯಲು ಒಪ್ಪಿರಲಿಲ್ಲ.

ಹಾಸನದ ಸಭೆಯೊಂದರಲ್ಲಿ, ಕೋಲು ಕೊಳ್ಳಲು ಬಂದಿದ್ದ ಹೆಂಗಸೊಬ್ಬಳು ಅದನ್ನು ಓದಿ ಎದ್ದು ನಿಂತಳು.

“ಮೇಡಂ, ಈ ಮೊದಲನೇ ಪುಟದ್ದನ್ನ ಕೋಲು ಬರೋಕೆ ಮುಂಚೇನೂ ಮಾಡಬಹುದಿತ್ತಲ್ವಾ?”

ತೇಜಾವತಿ ಸಂತೋಷದಿಂದ ನಕ್ಕರು.

“ಮಾಡಬಹುದಿತ್ತು” ಎಂದರು. “ಯಾವತ್ತು ಬೇಕಾದರೂ.”