ಎರಡೂ ಕಡೆ ಮಾಯವಾದ ಕಲೆ

"ಆ ಅರಿವಿ ಕೆಳಗಿಡ್ರಿ... ಗ್ವಾಡಿ ಮುಟ್ಟಬ್ಯಾಡ್ರಿ!"

ವಸೀಮಾ ಕೂಗಿದ ರಭಸಕ್ಕೆ ಆ ಯುವಕನ ಕೈಯಲ್ಲಿದ್ದ ಒದ್ದೆ ಬಟ್ಟೆ ಜಾರಿಬಿತ್ತು. ತಿರುಗಿದವನ ಕಣ್ಣಲ್ಲಿ ಸಿಟ್ಟಿತ್ತು.

"ನಾ ಕೈಯಾರೆ ಗಿಲಾವ ಮಾಡಿದ ಗ್ವಾಡಿ ಇದು. ನೀಲಿ ಬಳದು ಹೊಲಸು ಮಾಡಿದ್ದಲ್ಲದ ನನಗ ಜೋರು ಮಾಡ್ತೀರೇನು?"

"ಖಾಲಾನ ಕೇಳೇ ಬಳದೀನ್ರಿ."

ಅವನು ಮಸ್ಕಿಯ ಈ ಮನೆಯ ಹಸೀನಾಬೀಯ ಮಗ ದಾನಿಷ್, ಗಾರೆ ಕೆಲಸದ ಮೇಸ್ತ್ರಿ. ಹಸೀನಾಬೀಯನ್ನೇ ವಸೀಮಾ ಚಿಕ್ಕಮ್ಮನೆಂಬಂತೆ ಖಾಲಾ ಎನ್ನುತ್ತಿದ್ದಳು. ಇವಳು ಸಿಂಧನೂರಿನವಳು, ರಸಾಯನಶಾಸ್ತ್ರದಲ್ಲಿ ಸಂಶೋಧನೆ ಮಾಡುವವಳು. ಅಕ್ಕಿ ಗಿರಣಿಯ ಹೊಟ್ಟಿನ ಬೂದಿಗೆ ಟೈಟಾನಿಯಂ ಸೇರಿಸಿ, ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಪುಡಿ ಮಾಡಿದ್ದಳು. ಆ ಪುಡಿ ಬೆರೆಸಿದ ಬಣ್ಣ ಬಳಿದರೆ, ಗೋಡೆ ಬಿಸಿಲಿನಲ್ಲಿ ತನ್ನ ಕೊಳೆಯನ್ನು ತಾನೇ ಕಳೆದುಕೊಳ್ಳಬೇಕು.

ಪರೀಕ್ಷೆಗೆಂದು ಎಡಕ್ಕೆ ಪುಡಿ ಬೆರೆಸಿದ ಬಣ್ಣ, ಬಲಕ್ಕೆ ಬರೀ ಬಣ್ಣ, ಎರಡರ ಮೇಲೂ ಒಂದೊಂದು ನೀಲಿ ಕಲೆ. ಎಡಗಡೆಯದು ಮಾತ್ರ ಮಾಸಿದರೆ ಅವಳು ಗೆದ್ದಂತೆ.

ದಿನ ಬಿಟ್ಟು ದಿನ ಬಸ್ಸು ಹತ್ತಿ ಬಂದಳು. ಜಗಳ ಹೋಗಿ ಚಹಾ ಬಂತು, ಚಹಾದ ಜೊತೆ ನಗು ಬಂತು. ಹಾಳಾದ ಕಲೆ ಮಾತ್ರ ಮಿಸುಕಲಿಲ್ಲ.

"ಶನಿವಾರದೊಳಗ ಫಲಿತಾಂಶ ಬರಲಿಲ್ಲಂದ್ರ ನಮ್ಮ ಗೈಡ್ ನಂದಿನಿ ಮೇಡಂ ಈ ಕೆಲಸ ನಿಲ್ಲಸ್ತಾರ್ರಿ," ಎನ್ನುವಾಗ ಅವಳ ಕಣ್ಣು ತುಂಬಿತು.

ದಾನಿಷ್ ಗೋಡೆಯ ಕಲೆಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದ.

ಶನಿವಾರ ಬಂದು ನೋಡಿದರೆ ಎಡಗಡೆ ಬೆಳ್ಳಗಾಗಿತ್ತು. ಖುಷಿಯಲ್ಲಿ ಅಷ್ಟರದ್ದೇ ಫೋಟೊ ತೆಗೆದು ಮೇಡಂಗೆ ಕಳಿಸಿಯೂ ಬಿಟ್ಟಳು. ಆಮೇಲೆ ಬಲಗಡೆ ನೋಡಿದಳು. ಅಲ್ಲೂ ಕಲೆ ಇರಲಿಲ್ಲ.

'ಪುಡಿ ಹಾಕದ ಕಡೆ ಹೆಂಗ ಹೋತು? ಮಳಿ ಬಂದಿಲ್ಲ... ನಾನೇ ಎರಡೂ ಕಡೆ ಪುಡಿ ಬೆರಸಿದೆನೇನು?'

"ಖಾಲಾ, ಗ್ವಾಡಿ ಯಾರರ ತೊಳದ್ರೇನ್ರಿ?"

"ದಾನಿಷ್ ಮುಂಜಾನೆ ತಿಕ್ಕಾಕತ್ತಿದ್ದ ಬೇಟಿ," ಎಂದಳು ಹಸೀನಾಬೀ. "ನೀನ ಹೇಳಿದಿ ಅನಕೊಂಡೆ. ಈಗ ಲಿಂಗಸುಗೂರಿಗೆ ಕೆಲಸಕ್ಕ ಹೋಗ್ಯಾನ."

ವಸೀಮಾ ಲಿಂಗಸುಗೂರಿನ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಗೊಂದಲ. 'ಮೊದಲ ದಿನದ ಸೇಡೇನು? ಸೇಡಾದ್ರ ಆ ಚಹಾ, ಆ ನಗು... ಎಲ್ಲಾ ಸುಳ್ಳೇನು?' ಅವನ ಮೇಲೆ ಕೋಪ ಬರುತ್ತಿತ್ತು. ಅವನನ್ನು ನೋಡುವ ಆಸೆಯೂ ಆಗುತ್ತಿತ್ತು. ಯಾವುದು ನಿಜವೋ ಅವಳಿಗೇ ತಿಳಿಯಲಿಲ್ಲ.

ಹಸೀನಾಬೀ ಹೇಳಿದ್ದ ಅರೆಕಟ್ಟಿದ ಮನೆಯಲ್ಲಿ ದಾನಿಷ್ ಏಣಿಯ ಮೇಲಿದ್ದ.

"ಯಾಕ ಒರಸಿದ್ರಿ?"

ಅವನು ಮೆಲ್ಲಗೆ ಇಳಿದ. "ಬಂದಾಗೊಮ್ಮೆ ನಿಮ್ಮ ಸಣ್ಣ ಮಾರಿ ನೋಡಾಕ ಆಗಲಿಲ್ರಿ. ಕಲಿ ಹೋದ್ರ ನಗ್ತೀರಿ ಅನಕೊಂಡೆ."

"ಎರಡೂ ಕಡೆ?"

"ಅರ್ಧ ಗ್ವಾಡಿ ಮಾಡಿ ಬಿಡೋದು ನಮ್ಮ ಕಸುಬಿನ್ಯಾಗ ಇಲ್ರಿ."

ನೋಡಿ, ಇಂಥವನ ಮೇಲೆ ಹೇಗೆ ಸಿಟ್ಟು ಮಾಡುವುದು? ನಗಬೇಕೋ ಅಳಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು ವಸೀಮಾ. ಫೋಟೊ ಹಾಗೇ ಬಿಟ್ಟರೆ ಕೆಲಸ ಉಳಿಯುತ್ತಿತ್ತು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಅವಳ ಮನಸ್ಸು ಒಪ್ಪಲಿಲ್ಲ. ಕಣ್ಣೊರೆಸಿಕೊಂಡು ನಂದಿನಿ ಮೇಡಂಗೆ ಫೋನ್ ಮಾಡಿದಳು.

"ಮೇಡಂ, ನಾ ಕಳಿಸಿದ್ದು ತಪ್ಪದರೀ. ಕಲಿ ಕೈಲೆ ಒರಸ್ಯಾರ..."

ಬಹಳ ಹೊತ್ತು ಮೇಡಂ ಬೈಗುಳ ಕೇಳಿ ಅವಳು ಫೋನ್ ಇಟ್ಟಳು.

"ಇನ್ನ ಹದಿನೈದು ದಿನ ಕೊಟ್ಟಾರ. ಆದ್ರ ಆ ಗ್ವಾಡಿ ಬ್ಯಾಡಂತ. ಸಿಂಧನೂರಾಗ ಮಾಡಬೇಕಂತ."

"ಹಂಗಾದ್ರ ಮಸ್ಕಿಗೆ ಬರಂಗಿಲ್ಲ ನೀವು," ಎಂದ ಅವನ ದನಿ ಸೋತಿತು. "ನನ್ನ ಕೈಯಾರೆ ಕಳಕೊಂಡೆ ನಿಮ್ಮನ್ನ."

"ನಾ ಬರಂಗಿಲ್ಲ. ನೀವು ಬರ್ರಿ."

"ಎಲ್ಲಿಗೆ?"

"ನಮ್ಮ ಮನಿಗೆ. ಖಾಲಾನ ಕರಕೊಂಡು, ನಮ್ಮ ಅಬ್ಬಾ ಮನ್ಯಾಗ ಇದ್ದಾಗ."

ದಾನಿಷ್ ಕೈಗಂಟಿದ ಗಾರೆ ಒರೆಸಿಕೊಂಡ.

"ಬಂದು... ಏನು ಕೇಳ್ಲಿ?"

ವಸೀಮಾ ನೆಲ ನೋಡುತ್ತಾ ಹೇಳಿದಳು.

"ಅಬ್ಬಾನ ಕಡೆ ನನ್ನ ಕೇಳ್ರಿ."