ಸತ್ತ ರಾಜನ ಕೆಲಸ

"ಸತ್ತವರು ಮೂಗು ಕೆರ್ಕೊಳ್ಳಲ್ಲ!" ಎಂದು ಡ್ರಾಮಾ ಮಿಸ್ ಕೂಗಿದರು.

ನೆಲದ ಮೇಲೆ ಬಿದ್ದಿದ್ದ ರಾಜ ಮೂಗಿನ ಮೇಲಿಂದ ಕೈ ತೆಗೆದು ಮತ್ತೊಮ್ಮೆ ಸತ್ತ. ರಾಜ ಅಂದರೆ ಐದನೇ ಕ್ಲಾಸಿನ ಒಬ್ಬಳು ಹುಡುಗಿ. ಅವಳು ಗುಟ್ಟು ಹೇಳಿದರೂ ಪಕ್ಕದ ಕ್ಲಾಸಿಗೆ ಕೇಳಿಸುತ್ತಿತ್ತು. ಅದಕ್ಕೇ ಅವಳಿಗೆ ಪಟಾಕಿ ಎಂಬ ಹೆಸರು.

ನಾಟಕದ ಕತೆ ದೊಡ್ಡದೇನಲ್ಲ. ರಾಜನ ತಮ್ಮನಿಗೆ ಸಿಂಹಾಸನದ ಮೇಲೆ ಕಣ್ಣು. ಮಂತ್ರಿ ಅವನ ಕಿವಿ ಊದುತ್ತಾನೆ. ತಮ್ಮ ಅಣ್ಣನ ಲೋಟಕ್ಕೆ ವಿಷ ಬೆರೆಸುತ್ತಾನೆ. ಆಮೇಲೆ ಕಿರೀಟವೇನೋ ಸಿಗುತ್ತದೆ, ನಿದ್ದೆ ಹಾರಿಹೋಗುತ್ತದೆ.

ರಾಜ ಸಾಯುವುದು ಎರಡನೇ ಸೀನಿನಲ್ಲಿ. ಸತ್ತ ಮೇಲೆ ಪಟಾಕಿಗೆ ಇನ್ನೊಂದು ಕೆಲಸವಿತ್ತು. ತೆವಳಿಕೊಂಡು ಪರದೆಯ ಹಿಂದೆ ಹೋಗಿ, ನಾಟಕದ ನೋಟ್‌ಬುಕ್ ಹಿಡಿದು ಕೂರಬೇಕು. ಯಾರಿಗಾದರೂ ಮಾತು ಮರೆತರೆ ಮೆಲ್ಲಗೆ ಹೇಳಿಕೊಡಬೇಕು. ಕ್ಲಾಸಿನಲ್ಲಿ ಹದಿನಾಲ್ಕೇ ಮಕ್ಕಳು. ಸತ್ತವರನ್ನೆಲ್ಲ ಸುಮ್ಮನೆ ಕೂರಿಸಿದರೆ ನಾಟಕ ಆಗುವುದಾದರೂ ಹೇಗೆ?

ಮಾತು ಮರೆಯುತ್ತಿದ್ದವನು ಒಬ್ಬನೇ, ತಮ್ಮನ ಪಾರ್ಟಿನ ಹುಡುಗ. ಉದ್ದಕ್ಕೆ ಬೆಳೆದಿದ್ದ ಅವನನ್ನು ಎಲ್ಲರೂ ಏಣಿ ಎನ್ನುತ್ತಿದ್ದರು. ಮರೆಯುತ್ತಿದ್ದದ್ದೂ ಒಂದೇ ಜಾಗದಲ್ಲಿ. ಕೊನೆಯ ಸೀನಿನಲ್ಲಿ ಖಾಲಿ ಸಿಂಹಾಸನದ ಮುಂದೆ ನಿಂತು "ಅಣ್ಣಾ..." ಎನ್ನುವನು. ಅಷ್ಟೇ, ಮುಂದಿನದು ಮಾಯ. ಕಣ್ಣು ಪರದೆಯ ಕಡೆ ಹೊರಳುವುದು. ಪಟಾಕಿ ಪಿಸುಗುಟ್ಟುವಳು, "ನಿನ್ನ ಕಿರೀಟ ನನ್ನ ತಲೆಗೆ ಹೊಂದಲಿಲ್ಲ." ಏಣಿ ಅದನ್ನು ಹಿಡಿದುಕೊಂಡು ಮುಂದೆ ಓಡುವನು.

ಪಟಾಕಿಗೆ ಒಂದು ದುಃಖವಿತ್ತು. ಶನಿವಾರ ಸಂಜೆ ಐದೂವರೆಗೆ ಅಪ್ಪ ಅಮ್ಮಂದಿರಿಗಾಗಿ ಶೋ. ಅಪ್ಪ ಕೆಲಸ ಮಾಡುವ ಬೇಕರಿಯಲ್ಲಿ ಕೊನೆಯ ಬ್ರೆಡ್ ಒಲೆಯಿಂದ ಹೊರಬರುವುದೇ ಆರು ಗಂಟೆಗೆ.

"ಅಪ್ಪ ಬರೋಷ್ಟೊತ್ತಿಗೆ ನಾನು ಸತ್ತೋಗಿರ್ತೀನಿ," ಎಂದು ಅವಳು ಒಂದು ದಿನ ಟಿಫಿನ್ ಡಬ್ಬಿ ಮುಚ್ಚುತ್ತಾ ಹೇಳಿದಳು.

ಕೇಳಿಸಿಕೊಂಡವಳು ಲೀಡರ್. ಕ್ಲಾಸಿಗೆ ಲೀಡರ್, ನಾಟಕದಲ್ಲಿ ಮಂತ್ರಿ. ಅವಳ ಮಾತೆಲ್ಲ ಏಣಿಯ ಜೊತೆಗೇ. ಅವನು ಮರೆತಾಗಲೆಲ್ಲ ಅವಳೂ ಬಾಯಿ ಬಿಟ್ಟುಕೊಂಡು ನಿಲ್ಲಬೇಕಿತ್ತು.

"ತಮ್ಮನ ಡೈಲಾಗ್ ಪೂರ್ತಿ ನಿಂಗೆ ಬಾಯಿಪಾಠ ತಾನೇ?" ಎಂದಳು ಲೀಡರ್.

"ಹೂಂ. ಎಲ್ಲರದ್ದೂ ಬರುತ್ತೆ."

"ಏಣಿ ಇನ್ನೊಂದ್ಸಲ ಮಾತು ಬರ್ದೆ ನಿಂತ್ರೆ ಪಾರ್ಟ್ ಚೇಂಜ್ ಮಾಡ್ತೀನಿ ಅಂದಿದಾರೆ ಮಿಸ್. ನಾಳೆ ಟ್ರಯಲ್."

"ಅವ್ನು ನಿಲ್ಲಲ್ಲ. ನಾನು ಹೇಳ್ಕೊಡ್ತೀನಲ್ಲ."

ಲೀಡರ್ ಹತ್ತಿರ ಸರಿದಳು. "ಹೇಳ್ಕೊಡ್ದೇ ಇದ್ರೆ?"

ಪಟಾಕಿ ಡಬ್ಬಿಯ ಮುಚ್ಚಳವನ್ನು ಮತ್ತೆ ತೆಗೆದಳು, ಮತ್ತೆ ಮುಚ್ಚಿದಳು.

"ನೀನೇನೂ ಮಾಡ್ಬೇಡ್ವೇ. ಸುಮ್ನೆ ಕೂತಿರು, ಸಾಕು. ಸುಮ್ನೆ ಕೂತ್ಕೊಳ್ಳೋದು ತಪ್ಪಾ?"

ಮರುದಿನ ಟ್ರಯಲ್. ಏಣಿ ಖಾಲಿ ಸಿಂಹಾಸನದ ಮುಂದೆ ಬಂದು ನಿಂತ. "ಅಣ್ಣಾ..." ಎಂದ. ಕಣ್ಣು ಪರದೆಯ ಕಡೆ ಹೊರಳಿತು.

ಪಟಾಕಿಯ ಬೆರಳು ಆ ಸಾಲಿನ ಮೇಲೇ ಇತ್ತು. ಅವಳು ತುಟಿ ಬಿಗಿಹಿಡಿದಳು. ಮನಸ್ಸಿನಲ್ಲೇ ಒಂದು, ಎರಡು, ಮೂರು ಎಂದು ಎಣಿಸಿದಳು. ಏಳು ಎನ್ನುವಷ್ಟರಲ್ಲಿ ಮಿಸ್ ಮೇಜು ಕುಟ್ಟಿದರು.

"ಪಟಾಕಿ! ಏನಾಯ್ತು?"

"ಪುಟ ತಪ್ಪೋಯ್ತು ಮಿಸ್."

ಏಣಿ ಅವಳನ್ನೇ ನೋಡಿದ. ಮಿಸ್ ನಿಟ್ಟುಸಿರು ಬಿಟ್ಟು, "ಕೊನೇ ಸೀನಲ್ಲಿ ಹೀಗೆ ನಿಂತ್ಕೊಂಡ್ರೆ ಹೇಗಪ್ಪಾ?" ಎಂದರು. ಅಲ್ಲಿಗೆ ಪಾರ್ಟ್ ಅದಲುಬದಲಾಯಿತು. ಏಣಿ ನಲ್ಲಿಯ ಹತ್ತಿರ ಹೋಗಿ ತುಂಬಾ ಹೊತ್ತು ಮುಖ ತೊಳೆದ.

ಪಟಾಕಿಗೆ ಖುಷಿಯೋ ಖುಷಿ. ಮನೆಗೆ ಹೋದವಳೇ, "ಅಪ್ಪಾ, ನಾನು ಕೊನೇವರೆಗೂ ಬದುಕಿರ್ತೀನಿ!" ಎಂದು ಕಿರುಚಿದಳು. ಅಪ್ಪ ಹಿಟ್ಟಿನ ಕೈಯಲ್ಲೇ ಅವಳನ್ನು ಎತ್ತಿಕೊಂಡ. ರಾತ್ರಿ ಊಟ ಮಾತ್ರ ಅವಳಿಗೆ ಯಾಕೋ ಸೇರಲಿಲ್ಲ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡು ನೋಡಿದ ಎನ್ನುತ್ತಾರಲ್ಲ, ಆಮೇಲೆ ಪಟಾಕಿಯ ಸ್ಥಿತಿ ಅದೇ ಆಯಿತು. ಮಿಸ್ ಯಾರಿಗೋ "ಪುಟ ತಿರುಗಿಸು" ಎಂದರೂ ಅವಳ ಎದೆ ಧಸಕ್ಕೆನ್ನುತ್ತಿತ್ತು. ಲೀಡರ್ ಹತ್ತಿರ ಹೇಳಿಕೊಳ್ಳಲು ಹೋದರೆ, "ನಾನೇನು ಮಾಡು ಅಂದ್ನಾ? ಸುಮ್ನಿರು ಅಂದೆ, ಅಷ್ಟೇ," ಎಂದು ಜಡೆ ಸರಿಮಾಡಿಕೊಂಡಳು.

ಗುರುವಾರ ಸಣ್ಣ ಕ್ಲಾಸಿನ ಮಕ್ಕಳಿಗೆ ಮೊದಲ ಶೋ. ಏಣಿ ತನಗೆ ಮೊಣಕಾಲಿಗೇ ನಿಲ್ಲುತ್ತಿದ್ದ ರಾಜನ ಅಂಗಿ ತೊಟ್ಟು ಎರಡನೇ ಸೀನಿನಲ್ಲಿ ಅಚ್ಚುಕಟ್ಟಾಗಿ ಸತ್ತ. ಮೂಗು ಕೆರೆದುಕೊಳ್ಳಲಿಲ್ಲ. ಆಮೇಲೆ ತೆವಳಿಕೊಂಡು ಪರದೆಯ ಹಿಂದೆ ಹೋದ.

ಪಟಾಕಿ ಒಂದು ಅಕ್ಷರವನ್ನೂ ತಪ್ಪಿಸಲಿಲ್ಲ. ಕೊನೆಯ ಸೀನು ಬಂತು. ಖಾಲಿ ಸಿಂಹಾಸನದ ಮುಂದೆ ನಿಂತು "ಅಣ್ಣಾ..." ಎಂದಳು.

ಸಿಂಹಾಸನದ ಆಚೆ ಪರದೆಯ ಸಂದಿ. ಸಂದಿಯಲ್ಲಿ ಏಣಿ. ತೊಡೆಯ ಮೇಲೆ ನೋಟ್‌ಬುಕ್, ಸಾಲಿನ ಮೇಲೆ ಬೆರಳು.

ಮಾತು ತಲೆಯಲ್ಲೇ ಇತ್ತು, ಬಾಯಿಗೆ ಬರಲಿಲ್ಲ. ಇನ್ನು ಅವನೂ ಒಂದು, ಎರಡು ಎಂದು ಎಣಿಸುತ್ತಾನೆ ಎಂದುಕೊಂಡಳು.

"ನಿನ್ನ ಕಿರೀಟ," ಎಂದು ಏಣಿ ತಕ್ಷಣ ಪಿಸುಗುಟ್ಟಿದ. ಅವಳು ಉಸಿರು ಎಳೆದುಕೊಳ್ಳಲೂ ಕಾಯಲಿಲ್ಲ. "ನಿನ್ನ ಕಿರೀಟ ನನ್ನ ತಲೆಗೆ ಹೊಂದಲಿಲ್ಲ."

ಪಟಾಕಿ ಅದನ್ನು ಹೇಳಿದಳು. ಪುಟಾಣಿಗಳೆಲ್ಲ ಚಪ್ಪಾಳೆ ಹೊಡೆದರು.

ಶೋ ಮುಗಿದ ಮೇಲೆ ಏಣಿ ಅಂಗಿಯ ಗುಂಡಿ ಬಿಚ್ಚುತ್ತಿದ್ದ. ಪಟಾಕಿ ಕಿರೀಟ ಹಿಡಿದುಕೊಂಡು ಹತ್ತಿರ ಬಂದಳು.

"ಅವತ್ತು ಪುಟ ತಪ್ಪಿರ್ಲಿಲ್ಲ ಕಣೋ."

"ಗೊತ್ತು. ನಿನ್ನ ಬೆರಳು ಅಲ್ಲೇ ಇತ್ತಲ್ಲ."

"ಮತ್ತೆ ಮಿಸ್‌ಗ್ಯಾಕೆ ಹೇಳ್ಲಿಲ್ಲ?"

"ಮರ್ತಿದ್ದು ನಾನೇ ಅಲ್ವಾ?"

"ಇವತ್ತು ನಂಗ್ಯಾಕೆ ಹೇಳ್ಕೊಟ್ಟೆ?"

ಇದೆಂಥ ಪ್ರಶ್ನೆ ಎನ್ನುವ ಹಾಗೆ ಏಣಿ ಅವಳ ಮುಖ ನೋಡಿದ. "ಸತ್ತ ರಾಜನ ಕೆಲಸ ಅದೇ ತಾನೇ?"

ಪಟಾಕಿ ಕಿರೀಟವನ್ನು ಅವನ ಕೈಗಿಟ್ಟಳು. ಆಮೇಲೆ ಸ್ಟಾಫ್ ರೂಮಿಗೆ ಹೋದಳು. ತಾನು ಮಾಡಿದ್ದನ್ನು ಒಂದೂ ಬಿಡದೆ ಮಿಸ್‌ಗೆ ಹೇಳಿ, ತಮ್ಮನ ಪಾರ್ಟ್ ಏಣಿಗೇ ವಾಪಸ್ ಕೊಡಿ ಎಂದಳು. ಲೀಡರ್ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು. ಸುಮ್ಮನೆ ಕೂತಿದ್ದವಳು ತಾನೇ ಅಲ್ಲವೇ.

ಮಿಸ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಶನಿವಾರ ನಿಮ್ಮಪ್ಪ ಲೇಟಾಗಿ ಬರ್ತಾರೆ ಅಂದಿದ್ಯಲ್ಲ. ಯೋಚ್ನೆ ಮಾಡಿದ್ದೀಯಾ?"

"ಮಾಡಿದ್ದೀನಿ ಮಿಸ್," ಎಂದಳು. ಕಣ್ಣು ತುಂಬಿಕೊಂಡಿತ್ತು.

ಶನಿವಾರ ಐದು ನಲವತ್ತಕ್ಕೆ ರಾಜ ಸತ್ತ. ಆರೂಕಾಲಿಗೆ ಬಾಗಿಲ ಹತ್ತಿರ ಹಿಟ್ಟು ಮೆತ್ತಿದ ಶರ್ಟಿನ ಒಬ್ಬರು ಬಂದು ನಿಂತರು. ಪರದೆಯ ಸಂದಿಯಿಂದ ಪಟಾಕಿಗೆ ಅಪ್ಪ ಕಾಣಿಸಿದ. ಅವನು ಸ್ಟೇಜಿನ ಈ ತುದಿಯಿಂದ ಆ ತುದಿಗೆ ಕಣ್ಣಲ್ಲೇ ಅವಳನ್ನು ಹುಡುಕುತ್ತಿದ್ದ. ಒಮ್ಮೆ ಕೈಬೀಸೋಣ ಎನ್ನಿಸಿತು. ಬೆರಳು ಸಾಲಿನ ಮೇಲಿತ್ತು, ತೆಗೆಯಲಿಲ್ಲ.

"ಅಣ್ಣಾ..." ಎಂದ ಏಣಿ. ಕಣ್ಣು ಪರದೆಯ ಕಡೆ ಹೊರಳಿತು.

ಪಟಾಕಿ ಹೇಳಿದಳು. ಹುಟ್ಟಿದಾಗಿನಿಂದ ಅವಳು ಅಷ್ಟು ಮೆಲ್ಲಗೆ ಮಾತಾಡಿರಲಿಲ್ಲ.

ಮನೆಗೆ ಹೋಗುವ ದಾರಿಯಲ್ಲಿ ಅಪ್ಪ, "ಎಲ್ಲೇ ಇದ್ದೆ? ಹುಡುಕೀ ಹುಡುಕೀ ಕಣ್ಣು ನೋವು ಬಂತು. ನಿನ್ನ ದನಿನೂ ಕೇಳಿಸ್ಲಿಲ್ಲ," ಎಂದ.

"ಒಂದ್ಸಲಾನೂ ಕೇಳಿಸ್ಲಿಲ್ವಾ?"

"ಊಹೂಂ."

ಪಟಾಕಿ ಸಮಾಧಾನದ ಉಸಿರು ಬಿಟ್ಟಳು. ಇಬ್ಬರೂ ರಸ್ತೆ ದಾಟಿದರು.

"ಆದ್ರೂ ಆ ಉದ್ದದ ಹುಡುಗ ಚೆನ್ನಾಗಿ ಮಾಡ್ದ," ಎಂದ ಅಪ್ಪ. "ಕೊನೇಲಿ 'ಅಣ್ಣಾ' ಅಂತ ಒಂದು ಚೂರು ಹೊತ್ತು ಸುಮ್ನೆ ನಿಂತ್ನಲ್ಲ, ನಂಗೆ ಎದೆ ಝಲ್ ಅಂತು."

ಪಟಾಕಿ ಅಪ್ಪನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಅಲ್ಲೇ ಅಪ್ಪ ನಾನಿದ್ದದ್ದು," ಎಂದಳು ಮೆಲ್ಲಗೆ.