ಎರಡನೇ ಪಂಕ್ತಿ

2063ರ ಜೂನ್ ಹನ್ನೊಂದರ ಬೆಳಿಗ್ಗೆ ಕಾವಲುಗಂಬಗಳು ಈ ವರ್ಷ ಬೇಡವೆಂದು ತೀರ್ಮಾನಿಸಿದವು. ಸೈಬೀರಿಯದ ಉತ್ತರ ತುದಿಯಲ್ಲಿ, ಮರವೇ ಇಲ್ಲದ ತೈಮಿರ್ ಬಯಲಿನಲ್ಲಿ, ನಾನ್ನೂರು ಕಂಬಗಳು ಒಮ್ಮೆಗೇ ಸ್ಕುವಾ ಹಕ್ಕಿಯ ದನಿಯಲ್ಲಿ ಕಿರುಚಿದವು. ಸ್ಕುವಾ ಎಂದರೆ ಮೊಟ್ಟೆ, ಮರಿಗಳನ್ನು ಕಿತ್ತು ತಿನ್ನುವ ಕಡಲ ಹಕ್ಕಿ. ಏಳು ಸಾವಿರ ಕಿಲೋಮೀಟರ್ ಹಾರಿ ಬಂದು, ಪಾಚಿಗೆ ಎದೆಯೊತ್ತಿ ಗೂಡಿನ ಕುಳಿ ಮಾಡುತ್ತಿದ್ದ ಕೆಂಪೆದೆಯ ಉಲ್ಲಂಕಿ ಹಕ್ಕಿಗಳು ಎದ್ದು ಹಾರಿದವು. ಮತ್ತೆ ಇಳಿದವು. ಕಂಬಗಳು ಮತ್ತೆ ಕಿರುಚಿದವು. ಆರನೆಯ ದಿನ ಬಯಲಿನಲ್ಲಿ ಗಾಳಿಯ ಸದ್ದು ಮಾತ್ರ ಉಳಿಯಿತು.

ಕಂಬದ ಬುಡದಿಂದ ಬೇರಿನಂತೆ ಹರಡಿದ ತಂತಿಗಳು ನೆಲದ ಬಿಸಿಯನ್ನು ಅಳೆಯುತ್ತವೆ. ಲೆಮ್ಮಿಂಗ್ ಎಂಬ ಗಿಡ್ಡ ಇಲಿಗಳು ಬಿಲದಲ್ಲಿ ಓಡಾಡುವುದನ್ನು ಆಲಿಸುತ್ತವೆ. ಇಲಿ ಕಡಿಮೆಯಾದ ವರ್ಷ ನರಿಗಳು ಗೂಡಿಗೆ ಬಾಯಿ ಹಾಕುತ್ತವೆ. ಹಿಮ ಬೇಗ ಕರಗಿದ ವರ್ಷ ಮರಿಗಳ ಆಹಾರವಾದ ಸೊಳ್ಳೆ ನೊಣಗಳು ಬೇಗ ಎದ್ದು, ಮರಿಗಳು ಮೊಟ್ಟೆಯೊಡೆದು ಬರುವ ಹೊತ್ತಿಗೆ ಮುಗಿದುಹೋಗಿರುತ್ತವೆ. ಇದನ್ನೆಲ್ಲ ಕೂಡಿಸಿ, ಹುಟ್ಟುವ ಮರಿ ಬದುಕುವುದೋ ಇಲ್ಲವೋ ಎಂದು ಕಂಬ ನಲವತ್ತು ದಿನ ಮೊದಲೇ ಹೇಳುತ್ತದೆ. ಬದುಕುವುದಿಲ್ಲವಾದರೆ ಹುಟ್ಟಲು ಬಿಡುವುದಿಲ್ಲ.

ಅದನ್ನು ರೂಪಿಸಿದವಳು ಮೇದಿನಿ ಗಾಂವಕರ. ಹನ್ನೆರಡು ವರ್ಷಗಳ ಹಿಂದೆ, ಸಂಶೋಧನೆಯ ಮೊದಲ ಬೇಸಿಗೆಯಲ್ಲಿ, ಸತ್ತ ಮರಿಗಳನ್ನು ತೂಗುವ ಕೆಲಸ ಅವಳ ಪಾಲಿಗೆ ಬಂದಿತ್ತು. ಕೊಕ್ಕು ತೆರೆದುಕೊಂಡೇ ಸತ್ತಿದ್ದ ಮರಿಗಳು. ತಕ್ಕಡಿಯ ಮುಳ್ಳು ಅಲುಗಾಡುತ್ತಲೇ ಇರಲಿಲ್ಲ. ಆ ಬೇಸಿಗೆಯ ನಂತರ ಅವಳು ಕಂಬ ಕಟ್ಟಿದಳು.

"ಐದನೇ ವರ್ಷ, ಮೇಡಂ," ಎಂದ ಸ್ಪಿರಿಡಾನ್. ಹಿಮಸಾರಂಗ ಮೇಯಿಸುವ ಮನೆತನದವನು, ಈಗ ಕಂಬಗಳನ್ನು ನೋಡಿಕೊಳ್ಳುವವನು. "ನಿಮ್ಮ ಕಂಬಕ್ಕೆ 'ಬೇಡ' ಬಿಟ್ಟು ಬೇರೆ ಮಾತೇ ಬರಲ್ವಾ?"

"ಒಳ್ಳೆ ಬೇಸಿಗೆ ಬರಲಿ, ಹೂಂ ಅನ್ನುತ್ತೆ."

"ನಮ್ಮಜ್ಜಿ ಹೀಗೇ ಒಳ್ಳೆ ವರ್ಷಕ್ಕೆ ಕಾಯ್ತಾ ಕೂತಿದ್ರೆ ನಮ್ಮಪ್ಪ ಹುಟ್ತಾನೇ ಇರಲಿಲ್ಲ."

ಮೇದಿನಿಯ ಉತ್ತರ ಅವಳ ಬಳಿಯಿದ್ದ ರೇಖಾನಕ್ಷೆಯಲ್ಲಿತ್ತು. ಉಲ್ಲಂಕಿಗಳು ಚಳಿಗಾಲ ಕಳೆಯುವ ತೀರಗಳಲ್ಲಿ ಪ್ರತಿ ಜನವರಿಯಲ್ಲಿ ಎಣಿಕೆ ನಡೆಯುತ್ತದೆ. ವರ್ಷವರ್ಷವೂ ಕುಸಿಯುತ್ತಿದ್ದ ಗೆರೆ ಕಂಬ ನೆಟ್ಟ ಮೇಲೆ ಮಟ್ಟಸವಾಗಿತ್ತು. ಇಲ್ಲಿಂದ ಎದ್ದ ಹಕ್ಕಿಗಳು ಕಂಬವಿಲ್ಲದ ಕಡೆ ಹೋಗಿ ಮರಿ ಮಾಡುತ್ತಿವೆ ಎಂದು ಎಲ್ಲರೂ ನಂಬಿದ್ದರು. ಇಲ್ಲವಾದರೆ ಸಂಖ್ಯೆ ಉಳಿಯುವುದು ಹೇಗೆ?

ಅಕ್ಟೋಬರಿನಲ್ಲಿ ಅವಳು ಊರಿಗೆ ಬಂದಳು. ಅಘನಾಶಿನಿ ಸಮುದ್ರ ಸೇರುವಲ್ಲಿ, ಇಳಿತದ ಹೊತ್ತಿಗೆ, ಹೊನ್ನಕ್ಕ ಅಂಬಿಗ ಮೊಣಕಾಲುದ್ದ ಕೆಸರಿನಲ್ಲಿ ಬಗ್ಗಿ ಬಳಚು ಹೆಕ್ಕುತ್ತಿದ್ದಳು. ಅರವತ್ತರ ಹತ್ತಿರದ ಹೆಂಗಸು. ಬಳಚು ಅಂದರೆ ಕೆಸರಿನ ಚಿಪ್ಪುಮಾಂಸ. ಅದನ್ನು ಹೆಕ್ಕುತ್ತಲೇ ಅವಳು ಮುದುಕಿಯಾಗಿದ್ದಳು.

"ಹಕ್ಕಿ ಉಳಿದಾವಲ್ಲ ಹೊನ್ನಕ್ಕ," ಎಂದಳು ಮೇದಿನಿ, ದೂರದ ಹಿಂಡನ್ನು ತೋರಿಸಿ.

"ಉಳಿದಾವೆ. ಎಲ್ಲಾ ಮುದಿಯವು."

"ಅದು ಹೆಂಗೆ ಗೊತ್ತು?"

"ಇಷ್ಟು ಓದಿ ಇದನ್ನ ಕೇಳ್ತೀಯಲ್ಲ ತಂಗೀ! ಮೊದಲ ಪಂಕ್ತಿಗೆ ಹಿರೇರು ಬರ್ತಾರೆ. ಎದೆ ಮೇಲೆ ಕೆಂಪು ಇನ್ನೂ ಹೋಗಿರೂದಿಲ್ಲ. ಮಕ್ಕಳದ್ದು ಎರಡನೇ ಪಂಕ್ತಿ, ಮಹಾಲಯ ಕಳೆದ ಮೇಲೆ. ಬೆನ್ನ ಮೇಲೆ ಎಳೆ ಬಳಚಿನ ಹಂಗೆ ಗೆರೆ ಗೆರೆ. ಅಪ್ಪ ಅಮ್ಮ ಮೊದಲೇ ಬಂದು ಕೂತಿರ್ತಾವೆ, ಪಾಪ, ಅವು ತಾವೇ ದಾರಿ ಹುಡುಕ್ಕೊಂಡು ಬರ್ತಿದ್ವು." ಹೊನ್ನಕ್ಕ ಬುಟ್ಟಿಯನ್ನು ಸೊಂಟಕ್ಕೇರಿಸಿದಳು. "ಐದು ವರ್ಷಾಯ್ತು. ಎಲೆ ಹಾಕಿದ್ದೇ ಬಂತು, ಉಂಬೂಕೆ ಯಾರೂ ಬರಲಿಲ್ಲ."

"ನೀವು ಯಾರಿಗೂ ಹೇಳಲಿಲ್ವಾ?"

"ಎಣಿಸೂಕೆ ಬರೋರು ಜನವರಿಗೆ ಬರ್ತಾರೆ. ಎಷ್ಟು ಅಂತ ಕೇಳ್ತಾರೆ. ಯಾರು ಅಂತ ಕೇಳೂದಿಲ್ಲ."

ಜನವರಿಯಲ್ಲಿ ಮುದಿಹಕ್ಕಿಯೂ ಎಳೆಹಕ್ಕಿಯೂ ಒಂದೇ ಬೂದು ಬಣ್ಣ. ಬೇರೆಲ್ಲೂ ಮರಿಗಳಾಗಿರಲಿಲ್ಲ. ಮರಿ ಸಾಕುವ ಸವೆತವಿಲ್ಲದೆ ಹಿರಿಯ ಹಕ್ಕಿಗಳು ಹೆಚ್ಚು ವರ್ಷ ಬದುಕುತ್ತಿದ್ದವು, ಅಷ್ಟೆ. ಅವೆಲ್ಲ ಹೆಚ್ಚುಕಡಿಮೆ ಒಟ್ಟಿಗೇ ಸಾಯಲಿದ್ದವು.

ಆ ವಾರ ಅವಳು ಊರಿನಿಂದಲೇ, ಕಂಪ್ಯೂಟರಿನಲ್ಲಿ, ಕಂಬಕ್ಕೆ ಹಿಂದಿನ ಬೇಸಿಗೆಗಳ ದಾಖಲೆಗಳನ್ನು ಒಂದೊಂದಾಗಿ ಕೊಟ್ಟು ಕೇಳಿದಳು. ಬೇಡ. ಬೇಡ. ಬೇಡ. ಒಳ್ಳೆಯ ಬೇಸಿಗೆ ಹೇಗಿರಬೇಕೆಂದು ಅವಳೇ ಹಳೆಯ ಕಾಲದ ಅಳತೆಯಿಂದ ಅದಕ್ಕೆ ಕಲಿಸಿದ್ದಳು. ಅದು ಹೂಂ ಎಂದ ಕೊನೆಯ ವರ್ಷ 2026. ಆಗ ಅವಳು ಹುಟ್ಟಿರಲಿಲ್ಲ.

ಮರುವರ್ಷ ಜೂನಿನಲ್ಲಿ ಸ್ಪಿರಿಡಾನ್ ಕೇಳಿದ, "ಈ ಸಲ ಏನಂತೆ?"

"ಬೇಡವಂತೆ."

"ನೀವೇನಂತೀರಿ?"

ಅವಳು ದನಿಯ ತಂತಿಯನ್ನು ಕಿತ್ತಳು. ನಾನ್ನೂರು ಕಂಬಗಳಿಗೂ ಇಬ್ಬರೇ ನಡೆದು ಹೋಗುವುದು ಸಾಧ್ಯವಿರಲಿಲ್ಲ. ಉಳಿದವನ್ನು ದೂರದಿಂದಲೇ ಮೌನಗೊಳಿಸಿದಳು. ಕೆಂಪೆದೆಗಳು ಇಳಿದವು, ಕುಳಿ ಮಾಡಿದವು, ನಾಲ್ಕು ನಾಲ್ಕು ಮೊಟ್ಟೆ ಇಟ್ಟವು.

ಕಂಬ ಹೇಳಿದ್ದು ಒಂದಿಷ್ಟೂ ತಪ್ಪಲಿಲ್ಲ. ಮರಿಗಳು ಹೊರಬರುವ ಎಂಟು ದಿನ ಮೊದಲೇ ನೊಣಗಳು ಮುಗಿದಿದ್ದವು. ಇನ್ನೂರ ಹದಿನೇಳು ಮರಿಗಳ ಕಾಲಿಗೆ ಅವಳು ಹಳದಿ ಬಳೆ ತೊಡಿಸಿದಳು. ಅವು ಓಡಿ ಓಡಿ ಬರಿಯ ಪಾಚಿಯನ್ನು ಕುಕ್ಕಿದವು. ಸುಸ್ತಾಗಿ ಅವಳ ಬೂಟಿನ ನೆರಳಿಗೇ ಬಂದು ಕೂತವು. ಡಬ್ಬಿಯಲ್ಲಿ ಹುಳುಗಳಿದ್ದವು. ಕೊಡಲಿಲ್ಲ. ಕೊಟ್ಟು ಉಳಿಸಿದ ಮರಿ ಮುಂದಿನ ಬೇಸಿಗೆಯ ಬಗ್ಗೆ ಏನನ್ನೂ ಹೇಳದು. ನರಿ ಹಗಲೂ ರಾತ್ರಿ ಒಂದೇ ಆದ ಬೆಳಕಿನಲ್ಲಿ ಆತುರವಿಲ್ಲದೆ ಓಡಾಡಿತು. ಅವಳು ಮತ್ತೆ ತಕ್ಕಡಿ ಹಿಡಿದು ಕೂತಳು. ಸ್ಪಿರಿಡಾನ್ ತೂಕಗಳನ್ನು ಬರೆದುಕೊಂಡ.

ಮಹಾಲಯ ಕಳೆದು ಒಂಬತ್ತನೆಯ ದಿನ, ಅಘನಾಶಿನಿಯ ಕೆಸರಿಗೆ ಏಳು ಹಕ್ಕಿಗಳು ಇಳಿದವು. ಬೆನ್ನ ಮೇಲೆ ಗೆರೆ ಗೆರೆ. ಎರಡರ ಕಾಲಲ್ಲಿ ಹಳದಿ ಬಳೆ.

"ಇಷ್ಟೇಯಾ?" ಎಂದಳು ಹೊನ್ನಕ್ಕ.

"ಇಷ್ಟೇ."

ಹೊನ್ನಕ್ಕ ಹೆಕ್ಕುತ್ತಿದ್ದ ಜಾಗ ಬಿಟ್ಟು ಸದ್ದಿಲ್ಲದೆ ಆಚೆ ಸರಿದಳು, ಅವು ಮೇಯಲಿ ಎಂದು.

"ಹೊನ್ನಕ್ಕ, 2026 ನೆನಪಿದೆಯಾ? ಕೊನೆಯ ಒಳ್ಳೆ ವರ್ಷವಂತೆ. ಆಗ ನಿಮಗೆ ಇಪ್ಪತ್ತಿದ್ದೀತು. ಮರಿಗಳು ಇಲ್ಲಿಗೆ ಸಾವಿರಗಟ್ಟಲೆ ಬಂದಿರಬೇಕು."

ಹೊನ್ನಕ್ಕ ಸೊಂಟಕ್ಕೆ ಕೈಕೊಟ್ಟು ನಿಂತು ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು.

"ಎಂತಾ ನೆನಪಿಲ್ಲ ತಂಗೀ," ಎಂದಳು. "ಎಲ್ಲಾ ವರ್ಷದ ಹಂಗೇ ಇತ್ತು."